ಎಳೆಯುವ ಪೋನಿ, ಹೊಸ ಸವಾರ: ಸರಿಯಾದ ಬಿಟ್ ಆರಿಸುವುದು ಹೇಗೆ?

ಪೋನಿ ಎಳೆದುಕೊಂಡು ಹೋಗುತ್ತದೆ, ಲಗಾಮು ಹಿಡಿದರೂ ನಿಲ್ಲುವುದಿಲ್ಲ, ಇದಕ್ಕಿಂತ ಬಿಗಿಯಾದ ಬಿಟ್ (ಲಗಾಮಿಗೆ ಸೇರಿಸಿ ಬಾಯೊಳಗೆ ಇಡುವ ಕಡ್ಡಿ) ಯಾವುದಿದೆ? ಹೀಗೆ ಕೇಳುವವರಲ್ಲಿ ಹೆಚ್ಚಿನವರು ಅಷ್ಟರಲ್ಲೇ ಎರಡು ಮೂರು ಬಿಟ್ ಬದಲಾಯಿಸಿ ನೋಡಿರುತ್ತಾರೆ. ಹೊಸದು ಹಾಕಿದಾಗ ಪೋನಿ ಕೆಲವು ದಿನ ಚೆನ್ನಾಗಿ ನಿಲ್ಲುತ್ತದೆ. ಆಮೇಲೆ ಮತ್ತದೇ ಕಥೆ. ಇನ್ನೊಂದು ಬಿಟ್, ಇನ್ನಷ್ಟು ಖಾರದ್ದು.

ಬಿಟ್ ಎಂಬುದು ಬ್ರೇಕ್ ಅಲ್ಲ. 250 ಕಿಲೋ ತೂಕದ ಪೋನಿಯನ್ನು 35 ಕಿಲೋ ತೂಕದ ಸವಾರ ಬಲದಿಂದ ನಿಲ್ಲಿಸುವುದು ಯಾವ ಲೋಹದಿಂದಲೂ ಆಗದ ಕೆಲಸ. ಸವಾರನ ಸೂಚನೆ ಪೋನಿಯ ಬಾಯಿಗೆ ಸ್ಪಷ್ಟವಾಗಿ ತಲುಪಬೇಕು, ಪೋನಿ ಮಾತು ಕೇಳಿದ ಕೂಡಲೇ ಒತ್ತಡ ಇಳಿಯಬೇಕು. ಬಿಟ್‌ನಿಂದ ಆಗುವುದು ಇಷ್ಟೇ. ಹೊಸ ಸವಾರರ ಕೈಯಲ್ಲಿ ಎಡವುವುದು ಈ ಎರಡನೆಯ ಭಾಗ: ಕೈ ಬಿಡುವುದು ತಡವಾಗುತ್ತದೆ. ಆದ್ದರಿಂದ ಇಲ್ಲಿ ಬಿಟ್ ಆರಿಸುವಾಗ ಪೋನಿಯ ಬಾಯಿಯಷ್ಟೇ ಸವಾರರ ಕೈಯನ್ನೂ ನೋಡಬೇಕು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಂಗಡಿಗೆ ಹೋಗುವುದು ಐದನೇ ಹಂತದಲ್ಲಿ.

ಮೊದಲೇ ಜೋಡಿಸಿಕೊಳ್ಳಬೇಕಾದವು

ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಬಿಟ್‌ನ ದಪ್ಪ ಅಳೆಯಲು ಕ್ಯಾಲಿಪರ್, ಸಣ್ಣ ಟಾರ್ಚ್, ನುಣುಪಾದ ತೆಳು ಕೋಲು, ಎರಡು ರಬ್ಬರ್ ಬ್ಯಾಂಡ್, ಚರ್ಮದ ಪಟ್ಟಿಗೆ ತೂತು ಹೊಡೆಯುವ ಸಾಧನ. ಪೋನಿಯ ಕತ್ತಿಗೆ ಹಾಕಲು ಒಂದು ಪಟ್ಟಿ ಬೇಕೇ ಬೇಕು. ಸುತ್ತ ಬೇಲಿ ಇರುವ ಸವಾರಿ ಅಂಗಳವೂ ಬೇಕು. ಬಯಲಲ್ಲಿ ಹೊಸ ಬಿಟ್ ಪರೀಕ್ಷೆ ಮಾಡಬೇಡಿ.

ಹಂತ 1: ನೋವು ಇದೆಯಾ ನೋಡಿ

ನೋವಿರುವ ಪೋನಿ ನೋವಿನಿಂದ ದೂರ ಓಡಲು ನೋಡುತ್ತದೆ. ನಮಗೆ ಅದು ಎಳೆತದಂತೆ ಕಾಣುತ್ತದೆ.

ಹಲ್ಲಿನಿಂದ ಶುರು ಮಾಡಿ. ಕುದುರೆಯ ಹಲ್ಲು ಸವೆಯುತ್ತಾ, ಒಸಡಿನಿಂದ ಮೇಲೆ ಬರುತ್ತಾ ಇರುತ್ತದೆ. ದವಡೆ ಹಲ್ಲಿನ ಅಂಚಿನಲ್ಲಿ ಚೂಪು ಮೊನೆಗಳಾಗಿ ಕೆನ್ನೆಯ ಒಳಭಾಗ ಗಾಯವಾಗುತ್ತದೆ. ಮೇಲಿನ ಮೊದಲ ದವಡೆ ಹಲ್ಲಿನ ಮುಂದೆ ಕೆಲವು ಪೋನಿಗಳಿಗೆ ವುಲ್ಫ್ ಟೂತ್ ಎಂಬ ಪುಟ್ಟ ಹಲ್ಲು ಇರುತ್ತದೆ. ಬಿಟ್ ಅದಕ್ಕೆ ತಾಗಿದರೆ ತಲೆ ಎಸೆಯುತ್ತವೆ. ಇದನ್ನು ಪಶುವೈದ್ಯರು ಅಥವಾ ಕುದುರೆ ಹಲ್ಲಿನ ತಜ್ಞರು ಬಾಯಿ ತೆರೆಸಿ ನೋಡಬೇಕು, ನೀವು ಬೆರಳು ಹಾಕಿ ಹುಡುಕಬೇಡಿ. 6ರಿಂದ 12 ತಿಂಗಳಿಗೊಮ್ಮೆ ಈ ತಪಾಸಣೆ ಆಗಬೇಕು. ಎರಡೂವರೆಯಿಂದ ನಾಲ್ಕೂವರೆ ವರ್ಷದ ನಡುವೆ ಹಾಲುಹಲ್ಲು ಬೀಳುತ್ತಿರುತ್ತವೆ, ಆ ವಯಸ್ಸಿನ ಪೋನಿಯ ಬಾಯಿ ದಿನಕ್ಕೊಂದು ರೀತಿ ಇರಬಹುದು. ಅಂಥ ಎಳೆಯ ಪೋನಿಗೆ ಹೊಸ ಸವಾರ ಹತ್ತುವುದೇ ನನಗೆ ಸರಿ ಕಾಣುವುದಿಲ್ಲ, ಅದು ಬೇರೆ ಮಾತು.

ನೀವೇ ನೋಡಬಹುದಾದದ್ದು: ತುಟಿಯ ಮೂಲೆಗಳಲ್ಲಿ ಸಿಗಿದ ಗುರುತು, ನಾಲಿಗೆಯ ಬದಿಯಲ್ಲಿ ನೀಲಿ ಬಣ್ಣ, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಇರುವ ಬೋಳು ಒಸಡಿನ ಮೇಲೆ ಕೆಂಪು. ಬಿಟ್ ಕೂರುವುದು ಇದೇ ಬೋಳು ಜಾಗದಲ್ಲಿ. ಅಲ್ಲಿ ಮೂಳೆಯ ಮೇಲೆ ತೆಳುವಾದ ಪದರ ಮಾತ್ರ ಇದೆ. ಗಾಯ ಕಂಡರೆ ಮಾಯುವವರೆಗೆ ಬಿಟ್ ಹಾಕಿ ಸವಾರಿ ಬೇಡ.

ಜೀನನ್ನೂ ನೋಡಿ. ಭುಜಕ್ಕೆ ಒತ್ತುವ ಜೀನು ಎಷ್ಟೋ ಪೋನಿಗಳನ್ನು ಓಡಿಸುತ್ತದೆ. ಬೆನ್ನಿನ ಮೇಲೆ ಕೈಯಿಂದ ಒತ್ತುತ್ತಾ ಹೋಗಿ. ತಗ್ಗಿದರೆ, ಚರ್ಮ ನಡುಗಿಸಿದರೆ, ಕಿವಿ ಹಿಂದಕ್ಕೆ ಮಡಚಿದರೆ ಅಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಯಿರಿ.

ಮೇವು ಮತ್ತು ಓಡಾಟದ ಲೆಕ್ಕವೂ ಇಲ್ಲೇ ಬರುತ್ತದೆ. ದಿನವಿಡೀ ಲಾಯದಲ್ಲಿ ನಿಂತು, ಕಾಳು ತಿಂದು, ವಾರಕ್ಕೆ ಎರಡು ದಿನ ಹೊರಗೆ ಬರುವ ಪೋನಿ ಎಳೆಯದೆ ಇನ್ನೇನು ಮಾಡೀತು? ಸವಾರಿಯಿಲ್ಲದ ದಿನ ಕಾಳು ತಗ್ಗಿಸಿ. ಬಯಲಲ್ಲಿ ಬಿಡುವ ಹೊತ್ತು ಹೆಚ್ಚಿಸಿ. ಎರಡು ವಾರ ನೋಡಿ. ಕೆಲವರಿಗೆ ಮುಂದಿನ ಹಂತಗಳೇ ಬೇಕಾಗುವುದಿಲ್ಲ.

ಹಂತ 2: ಹೇಗೆ ಎಳೆಯುತ್ತದೆ, ಎಲ್ಲಿ ಎಳೆಯುತ್ತದೆ ಬರೆದಿಡಿ

ಸುಮ್ನೆ "ಜೋರು" ಅಂದರೆ ಸಾಲದು. ಎಳೆತದಲ್ಲಿ ಬಗೆಗಳಿವೆ, ಒಂದಕ್ಕೆ ಸಲ್ಲುವ ಬಿಟ್ ಇನ್ನೊಂದನ್ನು ಕೆಡಿಸುತ್ತದೆ.

ತಲೆ ಕೆಳಗೆ ಹಾಕಿ ಇಡೀ ಭಾರವನ್ನು ಸವಾರರ ಕೈ ಮೇಲೆ ಬಿಡುವ ಪೋನಿ ಒಂದು ಬಗೆ. ತಲೆ ಮೇಲಕ್ಕೆತ್ತಿ, ಬೆನ್ನು ತಗ್ಗಿಸಿ ಓಡುವುದು ಇನ್ನೊಂದು. ಇದರಲ್ಲಿ ನೋವು ಅಥವಾ ಹೆದರಿಕೆಯ ಪಾಲು ಜಾಸ್ತಿ. ಮೂರನೆಯದು ಗದ್ದವನ್ನು ಎದೆಗೆ ಒತ್ತಿಕೊಂಡು, ಬಿಟ್‌ನಿಂದ ತಪ್ಪಿಸಿಕೊಂಡು ಓಡುವುದು. ಇದಕ್ಕೆ ಬಿಗಿ ಬಿಟ್ ಹಾಕಿದರೆ ಗದ್ದ ಇನ್ನೂ ಒಳಗೆ ಹೋಗುತ್ತದೆ, ಅಷ್ಟೇ.

ಹುಲ್ಲು ಕಂಡಲ್ಲಿ ತಲೆ ಕೆಳಗೆ ಸೆಳೆದು ಸವಾರನನ್ನು ಕತ್ತಿನ ಮೇಲಿಂದ ಜಾರಿಸುವ ಪೋನಿಗಳೂ ಇವೆಯಲ್ಲ, ಅದು ಬಿಟ್‌ನ ಸಮಸ್ಯೆಯೇ ಅಲ್ಲ. ಬಿಟ್‌ನಿಂದ ಜೀನಿಗೆ ಕಟ್ಟುವ ಹುಲ್ಲು ಲಗಾಮು ಸಾಕು. ಪೋನಿ ಸಹಜವಾಗಿ ಕತ್ತು ಚಾಚುವಷ್ಟು ಉದ್ದ ಬಿಟ್ಟು ಕಟ್ಟಿ. ಜಿಗಿತಕ್ಕೆ ಮೊದಲು ಬಿಚ್ಚಿಬಿಡಿ.

ಜಾಗವನ್ನೂ ಗುರುತು ಮಾಡಿ. ಗೇಟಿನ ಕಡೆ ಮಾತ್ರವೇ? ಬೇರೆ ಕುದುರೆ ಮುಂದೆ ಹೋದಾಗಲೇ? ಬಯಲಿನಲ್ಲಿ ಕ್ಯಾಂಟರ್ (ಹದವಾದ ನೆಗೆತದ ಓಟ) ಮಾಡಿದಾಗಲೇ? ಗೇಟಿನ ಕಡೆ ಮಾತ್ರ ಎಳೆಯುವ ಪೋನಿಯನ್ನು ಗೇಟಿನಿಂದ ದೂರ ನಿಲ್ಲಿಸಿ ಇಳಿಯಿರಿ. ದಿನಾ ಗೇಟಿನ ಬಳಿಯೇ ಇಳಿದು ಅದಕ್ಕೆ ಆ ಪಾಠ ಕಲಿಸಿದವರು ನಾವೇ ಅಲ್ವಾ?

ಹಂತ 3: ಸವಾರರ ಕೈ ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಮಗುವಿನ ಅಪ್ಪ ಅಮ್ಮನಿಗೆ ಕೇಳಲು ಇಷ್ಟವಾಗದ ಹಂತವೂ ಹೌದು.

ಅಂಗಳದಲ್ಲಿ, ಇನ್ನೊಬ್ಬರು ಹಗ್ಗ ಹಿಡಿದು ನಡೆಸುತ್ತಿರುವಾಗ, ಸವಾರರು ಕತ್ತುಪಟ್ಟಿ ಮಾತ್ರ ಹಿಡಿದು ಟ್ರಾಟ್ (ನಿಧಾನದ ಓಟ) ಮಾಡಲಿ. ಪಟ್ಟಿ ಬಿಟ್ಟೂ ಸಮತೋಲ ಉಳಿಯುತ್ತದೆಯೇ ನೋಡಿ. ಉಳಿಯದಿದ್ದರೆ ಆ ಸವಾರರು ಲಗಾಮು ಹಿಡಿದು ಕೂರುತ್ತಿದ್ದಾರೆ ಎಂದೇ ಅರ್ಥ. ಪೋನಿ ಎಳೆಯುತ್ತಿಲ್ಲ, ಸವಾರ ನೇತಾಡುತ್ತಿದ್ದಾರೆ.

ಎರಡನೇ ಪರೀಕ್ಷೆ: ಒಂದು ಸಣ್ಣ, ಮೊಂಡು ತುದಿಯ ಕೋಲನ್ನು ಎರಡೂ ಹೆಬ್ಬೆರಳ ಕೆಳಗೆ ಅಡ್ಡ ಹಿಡಿಸಿ ಟ್ರಾಟ್ ಮಾಡಿಸಿ. ಕೋಲು ಮಟ್ಟವಾಗಿದ್ದರೆ ಕೈ ಶಾಂತ. ಮೇಲೆ ಕೆಳಗೆ ಕುಣಿದರೆ ಆ ಕುಣಿತವೆಲ್ಲ ಪೋನಿಯ ನಾಲಿಗೆ ಮೇಲೆ ಆಗುತ್ತಿದೆ.

ಕೈ ಇನ್ನೂ ನಿಲ್ಲದ ಸವಾರರಿಗೆ ಗದ್ದದ ಹಿಂದೆ ಸರಪಳಿ ಇರುವ ಬಿಟ್ ಕೊಡಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ. ಅವರಿಗೆ ಸೌಮ್ಯ ಸ್ನ್ಯಾಫಲ್ (ಸನ್ನೆಗೋಲಿಲ್ಲದ ಸರಳ ಬಿಟ್), ಕತ್ತುಪಟ್ಟಿ, ಬೇಲಿಯೊಳಗಿನ ಅಂಗಳ, ಪಕ್ಕದಲ್ಲಿ ಹಗ್ಗ ಹಿಡಿದ ಶಿಕ್ಷಕರು.

ಲಗಾಮನ್ನೂ ಒಮ್ಮೆ ನೋಡಿ. ಸಣ್ಣ ಕೈಗೆ ಅಗಲದ ಲಗಾಮು ಜಾರುತ್ತದೆ, ಜಾರಿದಾಗ ಹಿಂದಕ್ಕೆ ಜಗ್ಗುತ್ತಾರೆ. ದೊಡ್ಡ ಕುದುರೆಯ ಲಗಾಮು ಪೋನಿಗೆ ಹಾಕಿದರೆ ಉಳಿದ ಕುಣಿಕೆ ಸವಾರರ ಪಾದಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಹಿಡಿಯಬೇಕಾದ ಜಾಗದಲ್ಲಿ ಬಣ್ಣದ ಟೇಪ್ ಸುತ್ತಿ.

ಹಂತ 4: ಬಾಯಿ ಅಳೆಯಿರಿ

ಪೋನಿಯ ಬಾಯಿ ಹೊರಗಿನಿಂದ ಕಾಣುವುದಕ್ಕಿಂತ ಇಕ್ಕಟ್ಟು. ನಾಲಿಗೆ ದಪ್ಪ, ಅಂಗುಳ ತಗ್ಗು, ಬಿಟ್‌ಗೆ ಉಳಿಯುವ ಜಾಗ ಕಡಿಮೆ.

ಅಗಲ: ಬಿಟ್ ಕೂರುವ ಜಾಗದಲ್ಲಿ ನುಣುಪಾದ ಕೋಲನ್ನು ಅಡ್ಡ ಇಟ್ಟು, ತುಟಿಯ ಎರಡೂ ಅಂಚಿನಲ್ಲಿ ರಬ್ಬರ್ ಬ್ಯಾಂಡ್ ಸರಿಸಿ, ನಡುವಿನ ಅಂತರ ಅಳೆಯಿರಿ. ಲಗಾಮು ಸೇರುವ ಬದಿಯ ಬಳೆ ಸುತ್ತುವ ಬಿಟ್‌ಗೆ ಪ್ರತಿ ಬದಿಗೆ ಸುಮಾರು 5 ಮಿ.ಮೀ. ಸೇರಿಸಿ. ಬದಿ ಗಟ್ಟಿಯಾಗಿ ಕೂಡಿಸಿದ ಬಿಟ್‌ಗೆ ಇದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಹೆಚ್ಚಿನ ಪೋನಿಗಳಿಗೆ ನಾಲ್ಕೂವರೆಯಿಂದ 5 ಇಂಚಿನೊಳಗೆ ಬರುತ್ತದೆ. ನಡುವೆ ಕೀಲಿರುವ ಬಿಟ್ ಅಳೆಯುವಾಗ ಅದನ್ನು ಮೇಜಿನ ಮೇಲೆ ನೇರವಾಗಿ ಎಳೆದಿಟ್ಟು ಅಳೆಯಿರಿ.

ಅಗಲ ಜಾಸ್ತಿಯಾದರೆ ಬಿಟ್ ಅತ್ತಿತ್ತ ಜಾರುತ್ತದೆ, ಕೀಲು ನಡುವೆ ನಿಲ್ಲುವುದಿಲ್ಲ. ಕಡಿಮೆಯಾದರೆ ತುಟಿ ಹಿಂಡುತ್ತದೆ.

ದಪ್ಪ: ಬಳೆಯ ಪಕ್ಕದಲ್ಲಿ ಕ್ಯಾಲಿಪರ್ ಇಟ್ಟು ನೋಡಿ. ದಪ್ಪ ಬಿಟ್ ಸೌಮ್ಯ ಎಂದು ಕೇಳಿರುತ್ತೀರಿ. ಒತ್ತಡ ಅಗಲ ಜಾಗಕ್ಕೆ ಹಂಚಿಹೋಗುತ್ತದೆ, ಆ ಮಟ್ಟಿಗೆ ನಿಜ. ಆದರೆ ಇಕ್ಕಟ್ಟಾದ ಬಾಯಿಗೆ 18 ಮಿ.ಮೀ. ಬಿಟ್ ತುರುಕಿದರೆ ಪೋನಿಗೆ ಬಾಯಿ ಮುಚ್ಚಲೂ ಆಗುವುದಿಲ್ಲ, ಲಗಾಮು ಸಡಿಲಿದ್ದರೂ ಒತ್ತಡ ಹೋಗುವುದಿಲ್ಲ. ಅದು ಎಳೆಯುವುದು ಆ ಬಿಟ್‌ನಿಂದಲೇ ಇರಬಹುದು. ಪೋನಿಗಳಿಗೆ 12ರಿಂದ 16 ಮಿ.ಮೀ. ನಡುವೆ ಹುಡುಕಿ. 14ರಿಂದ ಶುರು ಮಾಡುವುದು ನನ್ನ ಪದ್ಧತಿ. ಬಾಯಿ ಮುಚ್ಚಿದ್ದಾಗ ತುಟಿ ಮೆಲ್ಲಗೆ ಸರಿಸಿ ನೋಡಿ. ನಾಲಿಗೆ ಹಲ್ಲುಗಳ ನಡುವಿನಿಂದ ಬದಿಗೆ ಉಬ್ಬಿ ಬಂದಿದ್ದರೆ ತೆಳುವಾದದ್ದೇ ಅದಕ್ಕೆ ಹಿತ.

ಹಂತ 5: ಸ್ನ್ಯಾಫಲ್‌ನಿಂದ ಶುರು ಮಾಡಿ

ಸ್ನ್ಯಾಫಲ್‌ನಲ್ಲಿ ಲಗಾಮಿನ ಎಳೆತ ನೇರವಾಗಿ ಬಾಯಿಗೆ ಹೋಗುತ್ತದೆ, ಸನ್ನೆಗೋಲಿನಂತೆ ಹೆಚ್ಚಾಗುವುದಿಲ್ಲ. ಇಲ್ಲಿ ಎರಡು ಆಯ್ಕೆ ಮಾಡಬೇಕು: ಬಾಯೊಳಗಿನ ಭಾಗ, ಬದಿಯ ಭಾಗ.

ಬಾಯೊಳಗೆ: ನಡುವೆ ಒಂದೇ ಕೀಲಿರುವುದು ಎಲ್ಲ ಕಡೆ ಸಿಗುತ್ತದೆ. ಎಳೆದಾಗ ಅದು ಅಡಕತ್ತರಿಯಂತೆ ಮಡಚಿ ನಾಲಿಗೆಯನ್ನು ಎರಡೂ ಬದಿಯಿಂದ ಹಿಂಡುತ್ತದೆ. ತಗ್ಗು ಅಂಗುಳದ ಪೋನಿಗೆ ಕೀಲು ಮೇಲಕ್ಕೂ ತಾಗಬಹುದು. ನಡುವೆ ಸಣ್ಣ ಗುಂಡು ಇರುವ ಎರಡು ಕೀಲಿನ ಬಿಟ್ ನಾಲಿಗೆಯ ಮೇಲೆ ಸಮವಾಗಿ ಕೂರುತ್ತದೆ. ಹೊಸ ಸವಾರರ ಪೋನಿಗೆ ನಾನು ಮೊದಲು ಹೇಳುವುದು ಇದನ್ನೇ. ಕೀಲೇ ಇಲ್ಲದ, ಸ್ವಲ್ಪ ಬಾಗಿದ ಮಲ್ಲೆನ್ ಬಿಟ್ ಬಾಯಲ್ಲಿ ಅಲುಗಾಡದೆ ನಿಲ್ಲುತ್ತದೆ. ಕೈ ಸ್ವಲ್ಪ ಅಲುಗುವ ಸವಾರರಿಗೆ ಒಳ್ಳೆಯದು. ಆದರೆ ಭಾರ ಹಾಕಿ ಒರಗುವ ಪೋನಿಗೆ ಅದು ಒರಗುಗಂಬವಾಗುತ್ತದೆ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಫ್ರೆಂಚ್ ಲಿಂಕ್ ಮತ್ತು ಡಾಕ್ಟರ್ ಬ್ರಿಸ್ಟಲ್ ಎರಡರ ನಡುವೆಯೂ ಚಪ್ಪಟೆ ತಗಡಿದೆ. ಫ್ರೆಂಚ್ ಲಿಂಕ್‌ನ ತಗಡು ನಾಲಿಗೆ ಮೇಲೆ ಮಟ್ಟವಾಗಿ ಮಲಗುತ್ತದೆ. ಡಾಕ್ಟರ್ ಬ್ರಿಸ್ಟಲ್‌ನದ್ದು ಓರೆಯಾಗಿದ್ದು ಅಂಚು ನಾಲಿಗೆಗೆ ಒತ್ತುತ್ತದೆ. ಒಂದು ಸೌಮ್ಯ, ಇನ್ನೊಂದು ಸಾಕಷ್ಟು ಚುರುಕು. ಅಂಗಡಿಯಲ್ಲಿ ಒಂದೇ ಥರ ಕಾಣುತ್ತವೆ. ಕೈಯಲ್ಲಿ ಹಿಡಿದು, ಪೋನಿಯ ಬಾಯಲ್ಲಿ ಕೂರುವ ಕೋನಕ್ಕೆ ತಿರುಗಿಸಿ ನೋಡಿ.

ಬದಿಗಳು: ಬಳೆ ಸುತ್ತುವ ಬಗೆಯ ಮೇಲೆ ಒರಗುವುದು ಪೋನಿಗೆ ಕಷ್ಟ, ಆದರೆ ತೂತಿನ ಬಳಿ ತುಟಿ ಸಿಕ್ಕಬಹುದು. ಮೊಟ್ಟೆಯಾಕಾರದ ಎಗ್‌ಬಟ್ ಅಲುಗಾಟ ಕಡಿಮೆ ಮಾಡುತ್ತದೆ, ತುಟಿ ಹಿಂಡುವುದಿಲ್ಲ. ಡಿ ಆಕಾರದ್ದು ಮತ್ತು ಉದ್ದ ಕಡ್ಡಿಗಳ ಫುಲ್ ಚೀಕ್ ತಿರುಗಿಸಲು ನೆರವಾಗುತ್ತವೆ. ಎಷ್ಟೋ ಎಳೆಯುವ ಪೋನಿಗಳ ನಿಜವಾದ ತೊಂದರೆ ತಿರುಗದಿರುವುದು. ತಿರುಗಿದರೆ ವೇಗ ತಾನೇ ಇಳಿಯುತ್ತದೆ.

ಒರಗುವ ಪೋನಿಗೆ: ಬಳೆ ಸುತ್ತುವ, ಎರಡು ಕೀಲಿನ ಬಿಟ್. ತಲೆ ಎತ್ತುವ ಪೋನಿಗೆ: ಎಗ್‌ಬಟ್, ಎರಡು ಕೀಲು, ಜೊತೆಗೆ ಹಂತ 1 ಮತ್ತೊಮ್ಮೆ. ತಿರುಗದ ಪೋನಿಗೆ: ಫುಲ್ ಚೀಕ್. ಗದ್ದ ಒಳಗೆ ಸೆಳೆಯುವ ಪೋನಿಗೆ: ಮಲ್ಲೆನ್, ಮತ್ತು ಮೊದಲು ಒಬ್ಬ ಅನುಭವಿ ಸವಾರ.

ಗುಂಡುಗಳ ಸರದಂತಿರುವ ವಾಟರ್‌ಫರ್ಡ್ ಒರಗುವ ಪೋನಿಗೆ ಕೆಲಸ ಮಾಡುತ್ತದೆ, ನಿಜ. ಆದರೆ ಹೊಸ ಸವಾರ ಲಗಾಮನ್ನು ಅತ್ತಿತ್ತ ಗರಗಸದಂತೆ ಎಳೆದರೆ ಬಾಯಿ ಹಾಳಾಗುತ್ತದೆ. ತಿರುಚಿದ ತಂತಿಯ ಬಿಟ್‌ಗಳನ್ನು ಕೈಗೆತ್ತಿಕೊಳ್ಳಲೇಬೇಡಿ.

ಹಳೆಯ ಬಿಟ್ ಕೊಂಡರೆ ಕೀಲಿನ ಸುತ್ತ ಬೆರಳಾಡಿಸಿ. ಸವೆದ ಅಂಚು ಬ್ಲೇಡಿನಂತೆ ಇರುತ್ತದೆ. ರಬ್ಬರ್ ಬಿಟ್ ಆದರೆ ಕಚ್ಚಿದ ಗುರುತು ನೋಡಿ.

ಹಂತ 6: ಸ್ನ್ಯಾಫಲ್ ಸಾಲದೆ ಹೋದರೆ ಮಾತ್ರ

ಹಂತ 3ರ ಎರಡೂ ಪರೀಕ್ಷೆಯಲ್ಲಿ ಸವಾರರು ಪಾಸಾಗಿದ್ದು, ಅಂಗಳದಲ್ಲಿ ಪೋನಿ ಮಾತು ಕೇಳುತ್ತಿದ್ದು, ಹೊರಗೆ ಮಾತ್ರ ಕೈ ಮೀರುತ್ತಿದ್ದರೆ ಈ ಹಂತಕ್ಕೆ ಬನ್ನಿ. ಶಿಕ್ಷಕರು ಜೊತೆಗಿರಲಿ.

ಸನ್ನೆಗೋಲಿನ ಬಿಟ್‌ಗಳ ಲೆಕ್ಕ ತಿಳಿದಿರಬೇಕು. ಬಾಯಿಯ ಭಾಗದಿಂದ ಮೇಲಕ್ಕೆ 4 ಸೆಂ.ಮೀ., ಲಗಾಮಿನ ಬಳೆಯವರೆಗೆ ಕೆಳಕ್ಕೆ 8 ಸೆಂ.ಮೀ. ಇದೆ ಅಂದುಕೊಳ್ಳಿ. ಗದ್ದದ ಸರಪಳಿ ಬಿಗಿದ ಮೇಲೆ ಲಗಾಮಿನಲ್ಲಿ 1 ಕಿಲೋ ಎಳೆದರೆ ಸರಪಳಿಯ ಮೇಲೆ ಸುಮಾರು 2 ಕಿಲೋ, ಬಾಯಿಯ ಮೇಲೆ ಸುಮಾರು 3 ಕಿಲೋ ಬೀಳುತ್ತದೆ. ಸವಾರ ಮುಗ್ಗರಿಸಿ ಲಗಾಮು ಜಗ್ಗಿದಾಗಲೂ ಇದೇ ಲೆಕ್ಕ. ಕೆಳಗಿನ ಕಡ್ಡಿ ಉದ್ದವಾದಷ್ಟೂ ಜಾಸ್ತಿ.

ನಾನು ಒಪ್ಪುವ ಆಯ್ಕೆ ಎರಡೇ. ಒಂದು ಕಿಂಬಲ್‌ವಿಕ್: ಡಿ ಆಕಾರದ ಬದಿ, ಒಂದೇ ಲಗಾಮು, ಗದ್ದದ ಸರಪಳಿ, ಸನ್ನೆ ಕಡಿಮೆ. ಬದಿಯಲ್ಲಿ ಸೀಳುಗಳಿದ್ದರೆ ಲಗಾಮು ಮೇಲಿನ ಸೀಳಿನಲ್ಲಿರಲಿ. ಕೆಳಗಿನದರಲ್ಲಿ ಸನ್ನೆ ಹೆಚ್ಚಾಗುತ್ತದೆ. ಎರಡನೆಯದು ಗಿಡ್ಡ ಕಡ್ಡಿಯ, ಮಲ್ಲೆನ್ ಬಾಯಿಯ ಪೆಲ್ಹಮ್. ಇದಕ್ಕೆ ನಿಜವಾಗಿ ಎರಡು ಲಗಾಮು ಬೇಕು. ಹೊಸಬರಿಗೆ ಅಷ್ಟು ಹಿಡಿಯಲಾಗದು ಎಂದು ಎರಡು ಬಳೆಗಳನ್ನು ಚರ್ಮದ ಪಟ್ಟಿಯಿಂದ ಕೂಡಿಸಿ ಒಂದೇ ಲಗಾಮು ಹಾಕುತ್ತಾರೆ. ಆಗ ಸೂಚನೆ ಸ್ವಲ್ಪ ಮಸುಕಾಗುತ್ತದೆ, ನಿಭಾಯಿಸುವುದು ಸುಲಭವಾಗುತ್ತದೆ.

ಮೂರು ಬಳೆಯ ಡಚ್ ಗ್ಯಾಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ದೊಡ್ಡ ಬಳೆಗೆ ಲಗಾಮು ಹಾಕಿದರೆ ಹೆಚ್ಚುಕಡಿಮೆ ಸ್ನ್ಯಾಫಲ್‌ನಂತೆ. ಕೆಳಗಿನ ಬಳೆಗೆ ಹಾಕಿದರೆ ನೆತ್ತಿ ಮತ್ತು ತುಟಿಯ ಮೇಲೆ ಒತ್ತಡ ಬೀಳುತ್ತದೆ, ಬಿಟ್ ತಿರುಗುವುದನ್ನು ತಡೆಯಲು ಸರಪಳಿಯೂ ಇರುವುದಿಲ್ಲ. ಹೊಸ ಸವಾರರಿಗೆ ಕೆಳಗಿನ ಬಳೆ ಬೇಡ. ಬಾಯಲ್ಲಿ ಏನೂ ಇಲ್ಲದ ಹ್ಯಾಕಮೋರ್ ಸೌಮ್ಯ ಎನ್ನುವವರಿದ್ದಾರೆ. ಉದ್ದ ಕಡ್ಡಿಯ ಹ್ಯಾಕಮೋರ್ ಮೂಗಿನ ಮೂಳೆಯನ್ನು ಹಿಂಡುತ್ತದೆ, ಅದೂ ಸನ್ನೆಗೋಲೇ.

ಹಂತ 7: ಸರಿಯಾಗಿ ಕೂರಿಸಿ

ಎರಡೂ ಕೆನ್ನೆಪಟ್ಟಿ ಒಂದೇ ಎತ್ತರದಲ್ಲಿರಲಿ. ಬಿಟ್ ತುಟಿಯ ಮೂಲೆಯನ್ನು ಮೆಲ್ಲಗೆ ಎತ್ತಿದಂತಿರಬೇಕು. ಮಡಿಕೆ ಎಣಿಸಿ ನಿರ್ಧರಿಸಬೇಡಿ, ತುಟಿಯ ಆಕಾರ ಒಂದೊಂದು ಪೋನಿಗೆ ಒಂದೊಂದು ಥರ. ಕೆಳಗೆ ಜೋತಾಡಿದರೆ ಪೋನಿ ನಾಲಿಗೆಯನ್ನು ಬಿಟ್‌ನ ಮೇಲೆ ಹಾಕಿಕೊಳ್ಳಲು ಕಲಿಯುತ್ತದೆ. ಗಂಡು ಪೋನಿಯಲ್ಲಿ ಕೋರೆಹಲ್ಲಿಗೂ ತಾಗಬಹುದು. ಜಾಸ್ತಿ ಮೇಲಾದರೆ ಸವಾರ ಕೈ ಬಿಟ್ಟರೂ ಎಳೆತ ತಪ್ಪುವುದಿಲ್ಲ.

ಸರಪಳಿಯನ್ನು ಕೊಂಡಿಗಳು ಚಪ್ಪಟೆಯಾಗುವವರೆಗೆ ತಿರುವಿ, ಗದ್ದದ ಹಿಂದಿನ ತಗ್ಗಿನಲ್ಲಿ ಮಲಗಿಸಿ. ಪೆಲ್ಹಮ್‌ನಲ್ಲಿ ಲಗಾಮು ಎಳೆದಾಗ ಕಡ್ಡಿ ಸುಮಾರು 45 ಡಿಗ್ರಿ ಹಿಂದಕ್ಕೆ ಬಂದ ಮೇಲೆ ಸರಪಳಿ ಬಿಗಿಯಬೇಕು. ಸರಪಳಿಗೆ ರಬ್ಬರ್ ಅಥವಾ ಚರ್ಮದ ಹೊದಿಕೆ ಹಾಕಿ.

ಮೂಗುಪಟ್ಟಿ: ಮೂಗಿನ ಮೂಳೆಯ ಮೇಲೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬದಿಯಲ್ಲಿ ಮೆತ್ತಗಿರುವ ಕಡೆ ಬೆರಳಿಟ್ಟು ಸಮಾಧಾನ ಮಾಡಿಕೊಳ್ಳಬೇಡಿ. ಬಾಯಿ ತೆರೆಯದಂತೆ ಬಿಗಿದರೆ, ಬಿಟ್ ಒಗ್ಗುತ್ತಿಲ್ಲ ಎಂದು ಪೋನಿ ಹೇಳುವ ದಾರಿಯನ್ನೇ ಮುಚ್ಚಿದಂತೆ. ಹೊಸ ಬಿಟ್ ಪರೀಕ್ಷಿಸುವಾಗ ಮೂಗುಪಟ್ಟಿ ಸಡಿಲವಾಗಿರಲಿ.

ಹಂತ 8: ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಬಿಟ್, ಮೂಗುಪಟ್ಟಿ, ಮಾರ್ಟಿಂಗೇಲ್ (ಪೋನಿ ತಲೆ ಜಾಸ್ತಿ ಎತ್ತದಂತೆ ಹಾಕುವ ಪಟ್ಟಿ) ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು ಗೊತ್ತಾಗುವುದಿಲ್ಲ.

1. ಲಾಯದಲ್ಲಿ ಲಗಾಮಿಲ್ಲದೆ ಬಿಟ್ ಹಾಕಿ, ಪಕ್ಕದಲ್ಲೇ ನಿಂತು ಹದಿನೈದು ನಿಮಿಷ ನೋಡಿ. ಸ್ವಲ್ಪ ಚಪ್ಪರಿಸುವುದು ಸಹಜ.
2. ನೆಲದಲ್ಲಿ ನಿಂತು ಲಗಾಮಿನಿಂದ ನಿಲ್ಲಿಸಿ, ತಿರುಗಿಸಿ, ಹಿಂದಕ್ಕೆ ಒಂದು ಹೆಜ್ಜೆ ಇಡಿಸಿ.
3. ಹಗುರ ತೂಕದ ಅನುಭವಿ ಸವಾರ ಅಂಗಳದಲ್ಲಿ ನಡಿಗೆ, ಟ್ರಾಟ್, ಆಮೇಲೆ ಕ್ಯಾಂಟರ್ ಮಾಡಲಿ. ಇವರಿಗೇ ನಿಲ್ಲದ ಪೋನಿ ಹೊಸಬರಿಗೆ ನಿಲ್ಲುವುದಿಲ್ಲ.
4. ಈಗ ಹೊಸ ಸವಾರ. ಹೆಲ್ಮೆಟ್, ಕತ್ತುಪಟ್ಟಿ, ಮೊದಲು ನಡಿಗೆ ಮಾತ್ರ. ನಡಿಗೆಯಿಂದ ನಿಲ್ಲಿಸುವುದನ್ನು ಮತ್ತೆ ಮತ್ತೆ ಮಾಡಿಸಿ. ಆಸನ ಭಾರವಾಗಬೇಕು, ಉಸಿರು ಬಿಡಬೇಕು, ಬೆರಳು ಮುಚ್ಚಬೇಕು, ಪೋನಿ ನಿಂತ ಕ್ಷಣ ಬೆರಳು ತೆರೆಯಬೇಕು. ಆ ಕೊನೆಯದನ್ನು ಜೋರಾಗಿ ಕೂಗಿ ನೆನಪಿಸಿ.
5. ಹೊರಗೆ ಹೋಗುವುದು ಕೊನೆಗೆ, ಶಾಂತ ಕುದುರೆಯೊಂದರ ಜೊತೆ, ಗೇಟಿನ ಕಡೆಗಲ್ಲದ ದಾರಿಯಲ್ಲಿ.

ಪೋನಿ ಓಡಿದರೆ ಏನು ಮಾಡಬೇಕೆಂದು ಮೊದಲೇ ಕಲಿಸಿ. ಒಂದು ಕೈ ಕತ್ತುಪಟ್ಟಿ ಹಿಡಿಯಲಿ, ಇನ್ನೊಂದು ಕೈ ಎಳೆದು ಬಿಡುತ್ತಾ ದೊಡ್ಡ ವೃತ್ತಕ್ಕೆ ತರಲಿ, ವೃತ್ತ ನಿಧಾನಕ್ಕೆ ಚಿಕ್ಕದಾಗಲಿ. ವೇಗದಲ್ಲಿ ತಟ್ಟನೆ ತಿರುಗಿಸಿದರೆ, ಅದರಲ್ಲೂ ಜಾರುವ ನೆಲದಲ್ಲಿ, ಪೋನಿ ಉರುಳಬಹುದು. ಎರಡೂ ಕೈಯಿಂದ ಒಂದೇ ಸಮ ಎಳೆಯುವುದು ಕೆಲಸ ಮಾಡುವುದಿಲ್ಲ. ಪೋನಿಗೂ ಎಳೆಯಲು ಬರುತ್ತದೆ.

ಎಚ್ಚರಿಕೆಯ ಗುರುತುಗಳು

ಬ್ರೈಡಲ್ (ಬಿಟ್ ಮತ್ತು ಲಗಾಮು ಇರುವ ತಲೆಪಟ್ಟಿ) ಕಂಡರೆ ತಲೆ ಎತ್ತಿ ತಪ್ಪಿಸಿಕೊಳ್ಳುವುದು. ದವಡೆ ಓರೆ ಮಾಡುವುದು, ಬಾಯಿ ಅಗಲ ತೆರೆಯುವುದು, ನಾಲಿಗೆ ಹೊರಗೆ ಬಿಡುವುದು. ಹಲ್ಲು ಕಡಿಯುವುದು. ನೊರೆಯಲ್ಲಿ ಗುಲಾಬಿ ಬಣ್ಣ. ಸವಾರಿ ಮುಗಿದ ಮೇಲೆ ಪ್ರತಿ ಸಲ ತುಟಿಯ ಮೂಲೆ ಮತ್ತು ನಾಲಿಗೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇವುಗಳಿಗಿಂತ ಗಂಭೀರವಾದದ್ದು ಮುಂದೆ ಹೋಗಲು ಒಲ್ಲೆ ಎನ್ನುವುದು. ಎಳೆಯುತ್ತಿದ್ದ ಪೋನಿ ಹೊಸ ಬಿಟ್ ಹಾಕಿದ ಮೇಲೆ ನಿಂತಲ್ಲೇ ಗಿರಗಿರ ಸುತ್ತಿದರೆ, ಹಿಂದಕ್ಕೆ ಸರಿದರೆ, ಮುಂಗಾಲು ಹಗುರ ಮಾಡಿದರೆ ಆ ಕ್ಷಣವೇ ಸವಾರರನ್ನು ಇಳಿಸಿ. ಮುಂದಿನ ಹೆಜ್ಜೆ ಹಿಂಗಾಲ ಮೇಲೆ ಎದ್ದು ನಿಲ್ಲುವುದು. ಆ ಬಿಟ್ ಅವತ್ತೇ ತೆಗೆದಿಡಿ, ಒಂದು ಹಂತ ಸೌಮ್ಯಕ್ಕೆ ಇಳಿಯಿರಿ.

ಯಾವ ಬಿಟ್‌ಗೂ ಬಗ್ಗದಿದ್ದರೆ

ಇಷ್ಟೆಲ್ಲ ಕ್ರಮವಾಗಿ ಮಾಡಿದ ಮೇಲೂ ಬಿಗಿ ಬಿಟ್ ಇಲ್ಲದೆ ಆ ಪೋನಿ ಆ ಸವಾರರಿಗೆ ಸುರಕ್ಷಿತವಲ್ಲ ಎಂದಾದರೆ, ಆ ಜೋಡಿ ಸದ್ಯಕ್ಕೆ ಸರಿಯಿಲ್ಲ. ಮುಖ ನೋಡಿಕೊಂಡು ಹೇಳಲು ಕಷ್ಟ, ಆದರೂ ಹೇಳಿಬಿಡಿ. ಅನುಭವಿ ಸವಾರರು ಕೆಲವು ವಾರ ಪೋನಿಗೆ ತರಬೇತಿ ಕೊಡಲಿ. ಹೊಸಬರು ಆ ಹೊತ್ತಿಗೆ ಶಾಂತ ಪೋನಿಯ ಮೇಲೆ ಕೈ ಮತ್ತು ಆಸನ ಪಕ್ಕಾ ಮಾಡಿಕೊಳ್ಳಲಿ. ಆಮೇಲೆ ಹಗ್ಗ ಹಿಡಿದು ಮತ್ತೆ ಸೇರಿಸಿ ನೋಡಿ.

ಹೊರಗೆ ಕಿಂಬಲ್‌ವಿಕ್ ಅಥವಾ ಪೆಲ್ಹಮ್ ಬಳಸುವವರು ಅಂಗಳದಲ್ಲಿ ಸ್ನ್ಯಾಫಲ್‌ನಲ್ಲೇ ಮುಂದುವರಿಯಿರಿ. ಹೊರಗೂ ತಿಂಗಳೆರಡು ತಿಂಗಳು ತಕರಾರಿಲ್ಲದೆ ನಡೆದರೆ ಅಲ್ಲೂ ಸ್ನ್ಯಾಫಲ್ ಹಾಕಿ ಒಂದು ಸಣ್ಣ ಸುತ್ತು ಪ್ರಯತ್ನಿಸಿ. ಸ್ಪರ್ಧೆಗೆ ಹೋಗುವ ಯೋಚನೆಯಿದ್ದರೆ ಆಯೋಜಕರ ನಿಯಮಪುಸ್ತಕದಲ್ಲಿ ಒಪ್ಪಿದ ಬಿಟ್‌ಗಳ ಪಟ್ಟಿಯನ್ನು ಕೊಳ್ಳುವ ಮೊದಲೇ ನೋಡಿ. ಆರಂಭಿಕ ಡ್ರೆಸ್ಸಾಜ್‌ನಲ್ಲಿ (ಪೋನಿಯ ನಡೆ ಮತ್ತು ವಿಧೇಯತೆ ನೋಡುವ ಸ್ಪರ್ಧೆ) ಸಾಮಾನ್ಯವಾಗಿ ಸ್ನ್ಯಾಫಲ್ ಮಾತ್ರ ಒಪ್ಪುತ್ತಾರೆ, ಅದರಲ್ಲೂ ಎಲ್ಲ ಬಗೆಯನ್ನೂ ಅಲ್ಲ.